ತೊಟ್ಟಿನ ಕಡೆಯ ಕಾಳು

ಅವರೆಕಾಯಿ ಹೊಲದಲ್ಲಿ ಗಂಗಾಲಕ್ಷ್ಮಿ ಸೂಜಿ ಹಿಡಿದು ಕೂತಿದ್ದಾಳೆ ಎಂಬ ಸುದ್ದಿ ಊರಿಗೆ ತಲುಪಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ತಾಯಲೂರಿನಿಂದ ಆಚೆಗಿನ ಸಣ್ಣ ಊರು ಅದು. ಅವರ ದಿಣ್ಣೆಹೊಲ ರಸ್ತೆಗೆ ಅಂಟಿಕೊಂಡೇ ಇತ್ತು. ರಾಗಿ ಕೊಯ್ದಾಗಿತ್ತು. ರಾಗಿಯ ನಡುನಡುವೆ ಬಿತ್ತಿದ್ದ ಅಕ್ಕಡಿ ಸಾಲುಗಳಲ್ಲಿ ಅವರೆ ಮಾತ್ರ ಉಳಿದು, ಒಂದೇ ಗೊನೆಯಲ್ಲಿ ಹೂವನ್ನೂ ಎಳೆಗಾಯಿಯನ್ನೂ ಹೊತ್ತು ನಿಂತಿತ್ತು. ಐವತ್ತು ದಾಟಿದ ಹೆಂಗಸು ಆ ಸಾಲಿನ ನಡುವೆ ಕುಕ್ಕರುಗಾಲಲ್ಲಿ ಕೂತು, ಬೆರಳಿಗಿಂತ ತೆಳ್ಳಗಿನ ಕಾಯಿಯನ್ನು ಬೆಳಕಿಗೆ ಹಿಡಿದು, ಒಳಗಿನ ಕಾಳಿನ ನೆರಳು ಗುರುತಿಸಿ ಸೂಜಿ ಚುಚ್ಚುತ್ತಿದ್ದಳು. ಚುಚ್ಚಿದ ಕಾಯಿಗೆ ಕೆಂಪು ದಾರ ಕಟ್ಟುತ್ತಿದ್ದಳು.

ಪಕ್ಕದ ಹೊಲದ ಆಂಜಿನಪ್ಪ ಬದುವಿನ ಮೇಲೆ ನಿಂತು ಬೀಡಿ ಹಚ್ಚಿದ.

"ಏನಮ್ಮ, ಅವರೆಕಾಯಿಗೂ ಇಂಜೆಕ್ಷನ್ ಹಾಕೋ ಕಾಲ ಬಂತಾ? ಜ್ವರ ಗಿರ ಬಂದಿದ್ಯಾ ಅದಕ್ಕೆ?"

"ನಮ್ಮ ರಜನಿ ಓದಿಗೆ ಬೇಕಂತೆ. ನಂಗೇನು ಗೊತ್ತಪ್ಪ, ಹೇಳ್ದಂಗೆ ಮಾಡ್ತೀನಿ."

ನಂಗೇನು ಗೊತ್ತು ಎಂಬ ಮಾತು ಅವಳ ಬಾಯಲ್ಲಿ ಉಸಿರಿನಷ್ಟೇ ಸಲೀಸಾಗಿ ಬರುತ್ತಿತ್ತು. ಸ್ತ್ರೀಶಕ್ತಿ ಸಂಘದವರು ಎರಡು ಸಲ ಅವಳನ್ನು ಕಾರ್ಯದರ್ಶಿ ಮಾಡಲು ಹೊರಟಾಗಲೂ ಇದೇ ಮಾತು ಹೇಳಿ ಹಿಂದಿನ ಸಾಲಿಗೆ ಹೋಗಿ ಕೂತಿದ್ದಳು. ಅವಳಿಗೆ ಓದಲು ಬರುತ್ತಿತ್ತು. ಬಸ್ಸಿನ ಬೋರ್ಡು, ಗೊಬ್ಬರದ ಚೀಲದ ಮೇಲಿನ ಸಣ್ಣ ಅಕ್ಷರ, ಗೋಡೆಗೆ ಅಂಟಿಸಿದ ಹಳೆಯ ಪೇಪರು, ಎಲ್ಲವನ್ನೂ ಓದುತ್ತಿದ್ದಳು. ಆದರೆ ಯಾರಾದರೂ ನೋಡುತ್ತಿದ್ದರೆ ತುಟಿ ಆಡಿಸುತ್ತಿರಲಿಲ್ಲ. ಏಳನೇ ಕ್ಲಾಸು ಫೇಲಾದವಳು ಓದುತ್ತಾಳೆಂದರೆ ಜನ ನಕ್ಕಾರು ಎಂಬ ಅಳುಕು.

ರಜನಿ ಅವಳ ತಮ್ಮನ ಮಗಳು. ತಮ್ಮ ಅಮರನಾಥ್ ಮಾಲೂರಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಅಲ್ಲೇ ಮನೆ ಕಟ್ಟಿಸಿದ್ದ. ಮಗಳು ಸಸ್ಯಶಾಸ್ತ್ರದಲ್ಲಿ ಎಂ.ಎಸ್ಸಿ. ಕೊನೆಯ ವರ್ಷದಲ್ಲಿದ್ದಳು. ಅವಳಿಗೆ ಗೈಡು ಕೊಟ್ಟಿದ್ದ ಪ್ರಶ್ನೆ ಕೇಳುವುದಕ್ಕೆ ಬಹಳ ಸಣ್ಣದು: ಅವರೆಯಂಥ ಗಿಡಗಳ ಕಾಯಿಯಲ್ಲಿ ಕೆಲವು ಕಾಳು ಬೆಳೆಯದೆ ಮುರುಟಿಹೋಗುವುದೇಕೆ? ಬೇರೆಯವರ ಹೊಲ ಹುಡುಕುವುದಕ್ಕಿಂತ ಅತ್ತೆಯ ಹೊಲವೇ ವಾಸಿ ಎಂದು ಬ್ಯಾಗು ಹೊತ್ತು ಬಂದಿದ್ದಳು. ಎಳೆಗಾಯಿ ಮುರಿಯದಂತೆ ಹಿಡಿಯುವ ಕೈ ಅತ್ತೆಯದು ಎಂದು ಮೊದಲ ದಿನವೇ ಅವಳಿಗೆ ತಿಳಿದುಹೋಯಿತು. ತಾನು ಚುಚ್ಚಬೇಕಾದ ಜಾಗಕ್ಕೆ ಶಾಯಿಯ ಚುಕ್ಕೆ ಇಟ್ಟು, ಸೂಜಿಯನ್ನು ಅತ್ತೆಗೇ ಕೊಟ್ಟಳು.

ಆ ಮನೆಯಲ್ಲಿ ಈ ಪ್ರಶ್ನೆಗೆ ಹಿಂದಿನಿಂದಲೂ ಒಂದು ಉತ್ತರವಿತ್ತು. ಗಂಗಾಲಕ್ಷ್ಮಿಯ ತಾಯಿ ದೊಡ್ಡಗಂಗಮ್ಮನಿಗೆ ಎಂಬತ್ತು ದಾಟಿತ್ತು. ಬಿತ್ತನೆಗೆ ಕಾಯಿ ಆರಿಸುವ ಕೆಲಸವನ್ನು ಆಕೆ ಇನ್ನೂ ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಗಿಡದಲ್ಲೇ ಒಣಗಿದ ಕಾಯಿಯನ್ನು ಕೈಗೆತ್ತಿಕೊಂಡು, ತುದಿಯಿಂದ ತೊಟ್ಟಿನವರೆಗೆ ಹೆಬ್ಬೆರಳು ಎಳೆಯುತ್ತಿದ್ದಳು. ಬೆರಳು ಎಲ್ಲಿಯೂ ತಗ್ಗಿಗೆ ಬೀಳದಿದ್ದರೆ ಮೊರಕ್ಕೆ, ಒಂದು ಕಡೆ ತಗ್ಗಿದರೂ ಮೇಕೆಗೆ. ತಗ್ಗಿದ ಕಾಯಿಗೆ ಆಕೆ ಇಟ್ಟಿದ್ದ ಹೆಸರು ಹಲ್ಲುಬಿದ್ದ ಕಾಯಿ. ಅದರಲ್ಲಿ ಉಳಿದ ಕಾಳು ಎಷ್ಟೇ ದುಂಡಗಿರಲಿ, ಬಿತ್ತನೆಗೆ ಬೇಡ. ಅದರ ವಂಶವೇ ಜೊಳ್ಳು ಎನ್ನುತ್ತಿದ್ದಳು. ಹೀಗೆ ಆರಿಸಿ ಆರಿಸಿ ಬಿತ್ತಿದರೂ ಪ್ರತಿ ವರ್ಷ ಅಷ್ಟೇ ಹಲ್ಲುಬಿದ್ದ ಕಾಯಿ ಬಿಡುತ್ತಿದ್ದವು. ಅದು ಯಾಕೆಂದು ಆಕೆ ಕೇಳಿಕೊಂಡವಳಲ್ಲ.

ರಜನಿ ಕೇಳಿಕೊಂಡಳು. ಕಾಳು ಆಗದಿರಲು ಹಲವು ಕಾರಣ ಇರಬಹುದು, ಒಂದೊಂದಾಗಿ ಬಿಡಿಸಿ ನೋಡಬೇಕು ಎಂದು ಅತ್ತೆಗೆ ಬಿಡಿಸಿ ಹೇಳಿದಳು. ಹೂವಿನ ಪರಾಗ ಆ ಮೊಗ್ಗುಕಾಳಿನವರೆಗೆ ತಲುಪದೇ ಇರಬಹುದು. ಹುಳು ಕೊರೆದಿರಬಹುದು. ನೀರು ಸಾಲದೆ ಇರಬಹುದು. ಇವು ಯಾವುದೂ ಇಲ್ಲದೆಯೂ ಕೆಲವು ಕಾಳು ಸಾಯುತ್ತವೆ. ಪರಾಗ ಕಾಯಿಯ ತುದಿಯ ಕಡೆಯಿಂದ ಒಳಗೆ ಬರುತ್ತದೆ. ಆದ್ದರಿಂದ ತುದಿಯ ಕಾಳು ಸಾಮಾನ್ಯವಾಗಿ ಮೊದಲು ಬೆಳೆಯಲು ಶುರುಮಾಡುತ್ತದೆ. ತೊಟ್ಟಿನ ಕಡೆಯದಕ್ಕೆ ಸ್ವಲ್ಪ ತಡ. ಆ ಸ್ವಲ್ಪ ಹೊತ್ತಿನಲ್ಲೇ ತುದಿಯದು ಗಿಡದಿಂದ ಬರುವ ಅನ್ನವನ್ನು ತನ್ನ ಕಡೆಗೆ ಎಳೆದುಕೊಳ್ಳಲು ಕಲಿತಿರುತ್ತದೆ. ಕೆಲವು ಮರಗಳಲ್ಲಂತೂ ಮೊದಲ ಬೀಜ ಏನೋ ಒಂದು ರಸ ಬಿಟ್ಟು ಪಕ್ಕದವನ್ನು ಬೆಳೆಯದಂತೆ ತಡೆಯುತ್ತದೆಂದು ಓದಿದ್ದೇನೆ, ಅವರೆಯಲ್ಲಿ ಹಾಗಿದೆಯೋ ಇಲ್ಲವೋ ಗೊತ್ತಿಲ್ಲ ಎಂದಳು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವ ಹುಡುಗಿ ಅವಳು.

ಸೂಜಿ ಬಂದದ್ದು ಇದಕ್ಕೆ. ತುದಿಯ ಕಾಳುಗಳನ್ನು ಎಳೆಯದರಲ್ಲೇ ಚುಚ್ಚಿ ಕೊಂದರೆ, ತೊಟ್ಟಿನ ಕಡೆಯದು ಬೆಳೆಯುತ್ತದೋ ಇಲ್ಲವೋ? ಅದು ಹುಟ್ಟಾ ದುರ್ಬಲವಾದರೆ ಆಗಲೂ ಸಾಯಬೇಕು. ಅಂಥ ಕಾಯಿಗಳಿಗೆ ಕೆಂಪು ದಾರ. ಇನ್ನಷ್ಟು ಕಾಯಿಗಳಲ್ಲಿ ಕಾಳಿಗೆ ತಾಗದಂತೆ ಬರೀ ಸಿಪ್ಪೆಗೆ ಚುಚ್ಚಿ ಬಿಳಿ ದಾರ ಕಟ್ಟಿದರು. ಸೂಜಿಯ ಗಾಯದಿಂದಲೇ ಏನೋ ಆಯಿತೆಂದು ನಾಳೆ ಯಾರೂ ಹೇಳಬಾರದಲ್ಲ.

ಗಂಗಾಲಕ್ಷ್ಮಿಗೆ ಈ ಕೆಲಸ ಹಿಡಿಸಿತು. ಬೆಳಗ್ಗೆ ಎದ್ದವಳೇ ಕೆಂಪು ದಾರದ ಕಾಯಿಗಳನ್ನು ಒಂದು ಸುತ್ತು ನೋಡಿಕೊಂಡು ಬರುತ್ತಿದ್ದಳು. ಹುಳು ಹಿಡಿದವುಗಳನ್ನು ರಜನಿ ಹೇಳುವ ಮುಂಚೆಯೇ ಬೇರೆ ಇಡುತ್ತಿದ್ದಳು. ಸಂಜೆ ಮನೆಗೆ ಬಂದರೆ ಸೀರೆಯ ಸೆರಗಿಗೆಲ್ಲ ಅವರೆಯ ಸೊಗಡು. ಆದರೆ ಈ ಹೊಲದಲ್ಲಿ ಇದೇ ಕೊನೆಯ ಬೆಳೆ ಎಂಬುದು ಅವಳಿಗೂ ಗೊತ್ತಿತ್ತು, ರಜನಿಗೂ ಗೊತ್ತಿತ್ತು. ಇಬ್ಬರೂ ಅದನ್ನು ಬಾಯಿಬಿಟ್ಟು ಆಡುತ್ತಿರಲಿಲ್ಲ.

ನಂಗಲಿಯ ಕಡೆಯ ಹೆದ್ದಾರಿಯಲ್ಲಿ ಲಾರಿಗಳು ಹೆಚ್ಚಿದಂತೆ ಗೋದಾಮು ಕಟ್ಟುವವರು ಒಳರಸ್ತೆಗಳಿಗೂ ಬಂದಿದ್ದರು. ದಿಣ್ಣೆಹೊಲ ಅವರಲ್ಲೊಬ್ಬರ ಕಣ್ಣಿಗೆ ಬಿದ್ದಿತ್ತು. ಅಮರನಾಥ್ ಮಾರಲು ಒಪ್ಪಿದ್ದ. ಅಪ್ಪ ಗಂಗುಲಪ್ಪ ತೀರಿಕೊಂಡ ಮೇಲೆ ಅಮ್ಮನಿಗೂ ಹೆಣ್ಣುಮಕ್ಕಳಿಗೂ ಅದರಲ್ಲಿ ಸಮಪಾಲಿತ್ತು. ಅಮ್ಮ ತನ್ನ ಪಾಲನ್ನು ಆಗಲೇ ಮಗನಿಗೆ ಬಿಟ್ಟುಕೊಟ್ಟಿದ್ದಳು. ಇನ್ನು ಅಕ್ಕತಂಗಿಯರಿಬ್ಬರೂ ತಮ್ಮ ಪಾಲು ಬಿಟ್ಟುಕೊಡುವ ಹಕ್ಕು ಖುಲಾಸೆ ಪತ್ರಕ್ಕೆ ಸಹಿ ಹಾಕಿಕೊಡಬೇಕಿತ್ತು. ಶ್ರೀನಿವಾಸಪುರಕ್ಕೆ ಕೊಟ್ಟ ಚಿಕ್ಕ ತಂಗಿ ದಸರೆಯಲ್ಲೇ ಸಹಿ ಹಾಕಿ, ಮಡಿಲಿಗೆ ಅರಿಶಿನ ಕುಂಕುಮ, ರೇಷ್ಮೆ ಸೀರೆ ಹಾಕಿಸಿಕೊಂಡು ಹೋಗಿದ್ದಳು. ತವರು ಉಳಿಸಿಕೊಳ್ಳಬೇಕೆನ್ನುವ ಹೆಣ್ಣುಮಕ್ಕಳು ಮಾಡುವುದು ಇದನ್ನೇ. ಗಂಗಾಲಕ್ಷ್ಮಿಯೂ ಆಗಲಿ ಎಂದಿದ್ದಳು. ಸಂಕ್ರಾಂತಿ ಕಳೆದ ಮೇಲೆ ಮುಳಬಾಗಲಿನ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗುವುದೆಂದು ಮಾತಾಗಿತ್ತು. ಆಮೇಲೆ ಅವಳೂ ಅಮ್ಮನೂ ಮಾಲೂರಿನ ಮನೆಯ ಮಹಡಿಯ ಕೋಣೆಗೆ.

ಮದುವೆಯಾಗಿ ನಂಗಲಿಗೆ ಹೋಗಿದ್ದವಳು ಅವಳು. ಗಂಡ ವೆಂಕಟ್ ಲಾರಿ ಓಡಿಸುತ್ತಿದ್ದ. ಪಲಮನೇರಿನ ಘಾಟಿಯಲ್ಲಿ ಲಾರಿ ಉರುಳಿ ಅವನು ಹೋದಾಗ ಮಕ್ಕಳಾಗಿರಲಿಲ್ಲ. ತಿರುಗಿ ಬಂದವಳು ಅಪ್ಪನ ಜೊತೆ ಹೊಲಕ್ಕಿಳಿದಳು. ಅಪ್ಪ ಹೋದ ಮೇಲೆ ಒಬ್ಬಳೇ. ಉತ್ತದ್ದು, ಬಿತ್ತಿದ್ದು, ಕಾದದ್ದು ಅವಳು. ಸುಗ್ಗಿಗೆ ಬಂದು ಅವರೆ ಮೂಟೆ ಕಾರಿಗೆ ಹಾಕಿಸಿಕೊಂಡು ಹೋಗುತ್ತಿದ್ದವನು ಅಮರನಾಥ್. ಹೊಲ ಯಾರದಮ್ಮ ಎಂದು ಯಾರಾದರೂ ಕೇಳಿದರೆ ನಮ್ಮ ತಮ್ಮಂದು ಎನ್ನುತ್ತಿದ್ದಳು. ಹಾಗೆ ಹೇಳುವಾಗ ಅವಳಿಗೆ ಹೆಮ್ಮೆಯೇ ಆಗುತ್ತಿತ್ತು.

ನೆಂಟರು ಸೇರಿದಾಗಲೆಲ್ಲ ಅಮರನಾಥ್ ಒಂದು ತಮಾಷೆ ಹೇಳುತ್ತಿದ್ದ. ನಮ್ಮಕ್ಕ ಏಳನೇ ಕ್ಲಾಸಿಗೆ ಪಿಎಚ್‌ಡಿ ಮುಗಿಸಿದವಳು, ಮೇಕೆಶಾಸ್ತ್ರದಲ್ಲಿ ಎನ್ನುತ್ತಿದ್ದ. ಎಲ್ಲರೂ ನಗುತ್ತಿದ್ದರು, ಅವಳೂ. ನಗದೆ ಏನು ಮಾಡುವುದು? ನಿಜವೇ ತಾನೆ. ಪಬ್ಲಿಕ್ ಪರೀಕ್ಷೆಯ ರಿಸಲ್ಟು ನೋಡಲು ಅಪ್ಪ ತಾಯಲೂರಿಗೆ ಹೋಗಿ ಬಂದು, ಟವೆಲನ್ನು ಗೂಟಕ್ಕೆ ಹಾಕಿ, ಹೋಯ್ತು ಎಂದಿದ್ದ. ಮಾರನೆಯ ಬೆಳಗ್ಗೆ ಅಮ್ಮ ಮೇಕೆಗಳ ಹಗ್ಗವನ್ನು ಅವಳ ಕೈಗೆ ಕೊಟ್ಟಿದ್ದಳು. ಅವಳಿಗಿಂತ ಎರಡು ವರ್ಷ ಚಿಕ್ಕವನಾದ ಅಮರ ಮುಂದೆ ಮುಳಬಾಗಲಿಗೆ, ಕೋಲಾರಕ್ಕೆ ಹೋಗಿ ಓದಿದ.

ಸಂಕ್ರಾಂತಿಯ ಹಿಂದಿನ ವಾರ ರಜನಿಯ ಕಾಯಿಗಳು ಬಲಿತವು. ಕೆಂಪು ದಾರದವು ಒಂದು ಮೊರ, ಬಿಳಿ ದಾರದವು ಒಂದು ಮೊರ. ಅಜ್ಜಿಯೂ ಸೇರಿ ಮೂವರೂ ಜಗುಲಿಯಲ್ಲಿ ಕೂತು ಸುಲಿದರು. ಬಿಳಿ ದಾರದ ಕಾಯಿಗಳಲ್ಲಿ ಹೊಸದೇನೂ ಇರಲಿಲ್ಲ. ಮುಕ್ಕಾಲು ಪಾಲು ಕಾಯಿಗಳಲ್ಲಿ ತುದಿಯ ಕಾಳು ದಪ್ಪಗೆ, ತೊಟ್ಟಿನ ಕಡೆ ಸಾಸಿವೆಯಷ್ಟು ಕಂದು ಚುಕ್ಕೆ. ಆಮೇಲೆ ಕೆಂಪು ದಾರದ ಮೊರಕ್ಕೆ ಕೈಹಾಕಿದರು. ತುದಿಯಲ್ಲಿ ಸೂಜಿ ತಿಂದ ಕಾಳು ಕಪ್ಪಾಗಿತ್ತು. ತೊಟ್ಟಿನ ಕಡೆಯ ಕಾಳು ತುಂಬಿಕೊಂಡು ಹಸಿರಾಗಿ ಹೊಳೆಯುತ್ತಿತ್ತು. ಇನ್ನೊಂದು ಸುಲಿದರು, ಅದೂ ಹಾಗೆಯೇ. ಎಲ್ಲವೂ ಹಾಗಿರಲಿಲ್ಲ, ಕೆಲವು ಪೂರ್ತಿ ಒಣಗಿಹೋಗಿದ್ದವು. ಆದರೆ ಅರ್ಧಕ್ಕಿಂತ ಹೆಚ್ಚು ಕಾಯಿಗಳಲ್ಲಿ ಸಾಯಬೇಕಾಗಿದ್ದ ಕಾಳು ಬದುಕಿತ್ತು.

ಗಂಗಾಲಕ್ಷ್ಮಿ ಒಂದು ಕಾಳನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದಳು.

"ಹಂಗಾದ್ರೆ ಇದರಲ್ಲಿ ಏನೂ ಕೊರತೆ ಇರಲಿಲ್ಲ ಅಂತೀಯಾ ರಜನಿ?"

"ಈ ಹೊಲದಲ್ಲಿ, ಈ ವರ್ಷ, ಇಷ್ಟು ಕಾಯಲ್ಲಿ ನೋಡಿದ್ದು ಅತ್ತೆ. ಆದ್ರೆ ಹೌದು. ಜಾಗ ಸಿಕ್ಕಿದ್ರೆ ಬೆಳೀತಿತ್ತು."

ಗೋಡೆಗೊರಗಿ ಕಾಯಿ ಸುಲಿಯುತ್ತಿದ್ದ ದೊಡ್ಡಗಂಗಮ್ಮ, ತಲೆ ಎತ್ತದೆ, ಕಾಯಿಯನ್ನಾದರೆ ಚುಚ್ಚಿ ನೋಡಬಹುದು, ಮಕ್ಕಳನ್ನು ಹಾಗೆ ಚುಚ್ಚಿ ನೋಡುವುದಕ್ಕಾಗುತ್ತದೆಯೇ ಎಂದು ತನ್ನಷ್ಟಕ್ಕೆ ತಾನೇ ಗೊಣಗಿದಳು. ಯಾರೂ ಅವಳನ್ನು ಏನೂ ಕೇಳಿರಲಿಲ್ಲ. ಆ ಮನೆಯಲ್ಲಿ ತೊಟ್ಟಿನ ಕಡೆ ಉಳಿದ ಮಗು ತಾನೇ ಎನಿಸಿ, ಗಂಗಾಲಕ್ಷ್ಮಿ ಆ ಮಾತಿನ ಬಾಲ ಹಿಡಿದಳು.

"ಅಮ್ಮ, ನಾನು ಏಳನೇ ಕ್ಲಾಸು ಫೇಲಾಗಿದ್ದು ನಿಜಾನಾ?"

ಮುದುಕಿಯ ಬೆರಳು ನಿಲ್ಲಲಿಲ್ಲ. ಸುಳ್ಳು ಹೇಳುವಷ್ಟು ಮುಖ್ಯವಾದ ವಿಷಯ ಅದು ಎಂದು ಆಕೆಗೆ ಈಗ ಅನಿಸಿರಲಿಲ್ಲವೋ ಏನೋ.

"ಫೇಲು ಎಲ್ಲಿಂದ ಬಂತು? ಮೇಷ್ಟ್ರು ಮನೆ ತಂಕ ಬಂದಿದ್ರು, ಹುಡುಗಿ ಚೆನ್ನಾಗಿ ಓದ್ತಾಳೆ, ಮುಳಬಾಗಲಿಗೆ ಕಳ್ಸಿ ಅಂತ. ಒಬ್ಬರನ್ನ ಕಳ್ಸೋ ಶಕ್ತಿ ಇತ್ತು ನಮಗೆ. ನಿನ್ನ ಕಳ್ಸಿ ಅವನನ್ನ ಮೇಕೆ ಹಿಂದೆ ಬಿಡಕ್ಕಾಗ್ತಿತ್ತಾ?"

"ಕಳ್ಸಲ್ಲ ಅಂತ ಹೇಳ್ಬೇಕಿತ್ತು. ಫೇಲು ಅಂತ ಯಾಕೆ ಹೇಳಿದ್ರಿ?"

"ಕಳ್ಸಲ್ಲ ಅಂದಿದ್ರೆ ವರ್ಷಗಟ್ಲೆ ಅಳ್ತಿದ್ದೆ. ಫೇಲು ಅಂದ್ರೆ ಎರಡು ದಿನ ಅತ್ತು ಸುಮ್ನಾಗ್ತೀಯ ಅಂತ ನಿಮ್ಮಪ್ಪ ಹೇಳ್ದ. ಹಂಗೇ ಸುಮ್ನಾದೆ."

ರಜನಿ ಎದ್ದು ಅತ್ತೆಯ ಪಕ್ಕಕ್ಕೆ ಬಂದು ಕೂತಳು. ಅವಳ ಮೊಣಕೈ ಹಿಡಿದುಕೊಂಡಳು. ಗಂಗಾಲಕ್ಷ್ಮಿ ಅಳಲಿಲ್ಲ. ಉಳಿದ ಕಾಯಿಗಳನ್ನೆಲ್ಲ ಸುಲಿದು, ಕೆಂಪು ದಾರದ ಕಾಳು, ಬಿಳಿ ದಾರದ ಕಾಳು ಬೇರೆ ಬೇರೆ ಪೊಟ್ಟಣ ಕಟ್ಟಿಕೊಟ್ಟು, ಸಿಪ್ಪೆ ಗುಡಿಸಿದಳು. ಆ ಹೊತ್ತಿನಲ್ಲಿ ಅವಳ ಮನಸ್ಸಿನಲ್ಲಿ ಓಡುತ್ತಿದ್ದದ್ದು ಸ್ಕೂಲಿನದಲ್ಲ. ಸಂಘದ ಹಿಂದಿನ ಸಾಲು. ತುಟಿ ಆಡಿಸದೆ ಓದಿದ ಬೋರ್ಡುಗಳು. ಲಾರಿ ಉರುಳಿದ ಮೇಲೆ ಪರಿಹಾರಕ್ಕೆ ಅರ್ಜಿ ಹಾಕು ಎಂದು ನಂಗಲಿಯವರು ಹೇಳಿದಾಗ, ಅದೆಲ್ಲ ನನ್ನ ತಲೆಗೆ ಹತ್ತುವುದಿಲ್ಲ ಎಂದು ಮೈದುನನ ಕೈಗೆ ಎಲ್ಲ ಬಿಟ್ಟು ಬಂದದ್ದು. ಕಾಯಿಯಲ್ಲಾದರೂ ಒಂದು ನಿಯಮವಿದೆ, ಮೊದಲು ಬಂದ ಕಾಳು ಗೆಲ್ಲುತ್ತದೆ. ತಮ್ಮನಿಗಿಂತ ಮೊದಲು ಹುಟ್ಟಿದವಳು ಅವಳೇ.

ಸಂಕ್ರಾಂತಿಯ ಮಾರನೆಯ ಬೆಳಗ್ಗೆ ಅಮರನಾಥ್ ಕಾರಿನಲ್ಲಿ ಬಂದ. ಇಸ್ತ್ರಿ ಮಾಡಿದ ಬಿಳಿ ಅಂಗಿ. ಹಿಂದಿನ ಸೀಟಿನಲ್ಲಿ ಅಕ್ಕನಿಗೆ ರೇಷ್ಮೆ ಸೀರೆಯ ಪೆಟ್ಟಿಗೆ. ಬೇಗ ಹೊರಡೋಣ, ಕಚೇರಿಯಲ್ಲಿ ಜನ ಸೇರಿಬಿಡುತ್ತಾರೆ ಎಂದ. ಗಂಗಾಲಕ್ಷ್ಮಿ ಹಳೆಯ ಸೀರೆಯಲ್ಲೇ ಜಗುಲಿಯ ಕಂಬಕ್ಕೆ ಒರಗಿ ಕೂತಿದ್ದಳು. ತಾನು ಬರುವುದಿಲ್ಲ, ಸಹಿ ಹಾಕುವುದಿಲ್ಲ, ತನ್ನ ಪಾಲಿನ ಹೊಲ ತನಗಿರಲಿ ಎಂದಳು. ಅವಳು ಅಷ್ಟು ಉದ್ದದ ಮಾತನ್ನು ತಮ್ಮನ ಎದುರು ಆಡಿದ್ದು ಅದೇ ಮೊದಲು.

ಅವನು ಮೊದಲು ನಕ್ಕ. ಆಮೇಲೆ ಪಾಲು ಮಾಡಿದ ಹೊಲವನ್ನು ಗೋದಾಮಿನವರು ಮುಟ್ಟುವುದಿಲ್ಲ, ಮಾತು ಕೊಟ್ಟಾಗಿದೆ ಎಂದು ವಿವರಿಸಿದ. ಆಮೇಲೆ ನಿನಗೆ ಯಾರು ಕಿವಿ ಊದಿದರು ಎಂದು ಕೇಳಿ, ಮಗಳ ಮುಖ ನೋಡಿದ. ರಜನಿ ಜಗುಲಿಯಲ್ಲಿ ಆದದ್ದನ್ನು ಬಿಡದೆ ಹೇಳಿದಳು. ಅವನು ಕೇಳಿಸಿಕೊಂಡು, ಪಾಠ ಮಾಡುವ ದನಿಯಲ್ಲಿ ಅಕ್ಕನ ಕಡೆ ತಿರುಗಿದ.

"ಅಕ್ಕ, ಅವಳು ಮಾಡಿರೋ ಪ್ರಯೋಗನೇ ತಗೊ. ಗಿಡದಲ್ಲಿ ಇರೋ ಸಾರ ಇಷ್ಟೇ ಅಂತ ಇರುತ್ತೆ. ಎಲ್ಲಾ ಕಾಳೂ ಬೆಳೀಲಿ ಅಂದ್ರೆ ಯಾವುದೂ ನೆಟ್ಟಗೆ ಬೆಳೆಯಲ್ಲ. ಪ್ರಕೃತಿನೇ ಹಂಗೆ. ಅದಕ್ಕೆ ಯಾರನ್ನ ಬೈತೀಯ?"

"ನಾನು ಪಾಸಾಗಿದ್ದೆ ಅಂತ ನಿನಗೆ ಗೊತ್ತಿತ್ತಾ ಅಮರ?"

ಅವನು ಅಂಗಿಯ ತೋಳು ಸರಿಮಾಡಿಕೊಂಡ. ಮಗಳು ನೋಡುತ್ತಿದ್ದಳು.

"ಅಪ್ಪ ಹಾಸಿಗೆ ಹಿಡಿದಾಗ ಹೇಳಿದ. ಆಗ ಹೇಳಿ ಏನು ಮಾಡೋದಿತ್ತು? ಆಗಿಹೋಗಿತ್ತು."

"ಅದಾದ ಮೇಲೂ ಪಿಎಚ್‌ಡಿ ತಮಾಷೆ ಹೇಳ್ದೆ. ನಿನ್ನ ಗೃಹಪ್ರವೇಶದಲ್ಲಿ ಹೇಳ್ದೆ." ಗಂಗಾಲಕ್ಷ್ಮಿಯ ದನಿ ಏರಿರಲಿಲ್ಲ. "ಪಕ್ಕದಲ್ಲಿ ಇನ್ನೊಂದು ಕಾಳು ಐತೆ ಅಂತ ಕಾಳಿಗೆ ಗೊತ್ತಿರಲ್ಲ ಕಣೋ. ನಿನಗೆ ಗೊತ್ತಿತ್ತು."

ಒಳಗಿನಿಂದ ದೊಡ್ಡಗಂಗಮ್ಮ ಬಾಗಿಲಿಗೆ ಬಂದಳು. ಆಕೆಯ ತವರು ಗಡಿಯ ಆಚೆ. ಕೋಪ ಬಂದರೆ ಬಾಯಲ್ಲಿ ತೆಲುಗೇ ಬರುತ್ತಿತ್ತು. "ನೋರು ಮುಯ್ಯಿ," ಎಂದು ಮಗಳ ಬಾಯಿ ಮುಚ್ಚಿಸಿ, ಗಂಡು ಮಗನ ಮುಖ ಬಾಡಿಸಿದೆಯಲ್ಲ, ನಿನ್ನಂಥವಳನ್ನು ಹೆತ್ತದ್ದಕ್ಕೆ ಎಂದು ಅರ್ಧದಲ್ಲೇ ನಿಲ್ಲಿಸಿದಳು. ಅಮರನಾಥ್ ಕಾರಿನ ಬಾಗಿಲು ತೆಗೆದು ಮಗಳಿಗೆ ಹತ್ತು ಎಂದ. ನಿನ್ನ ಸೂಜಿ ಕಾಯಿಗೆ ಚುಚ್ಚಲಿಲ್ಲ, ನಮ್ಮ ಮನೆಗೆ ಚುಚ್ಚಿತು ಎಂದ. ರಜನಿ ಕಾರಿಗೆ ಹತ್ತದೆ ಒಂದು ಗಳಿಗೆ ಅಂಗಳದಲ್ಲೇ ನಿಂತಳು. ಅವಳ ಫೀಸು ಅಪ್ಪನ ಕೈಯಲ್ಲಿತ್ತು, ಪರೀಕ್ಷೆಗೆ ಮೂರು ತಿಂಗಳಿತ್ತು. ಗಂಗಾಲಕ್ಷ್ಮಿಯೇ ಹೋಗಮ್ಮ ಎಂದು ತಲೆಯಾಡಿಸಿದಳು. ಆ ಮನೆಯಲ್ಲಿ ಇನ್ನೊಂದು ಓದು ಅರ್ಧಕ್ಕೆ ನಿಲ್ಲುವುದು ಅವಳಿಗೆ ಬೇಕಿರಲಿಲ್ಲ. ಸೀರೆಯ ಪೆಟ್ಟಿಗೆ ಕಾರಿನಲ್ಲೇ ಉಳಿಯಿತು.

ಊರಲ್ಲಿ ಒಂದು ವಾರ ಇದೇ ಮಾತು. ತಮ್ಮನ ಅನ್ನಕ್ಕೆ ಕಲ್ಲು ಹಾಕಿದಳು ಎಂದವರೇ ಹೆಚ್ಚು. ಶ್ರೀನಿವಾಸಪುರದ ತಂಗಿ ಫೋನು ಮಾಡಿ, ನೀನು ಕೊಡಲ್ಲ ಅಂದದ್ದಕ್ಕೆ ನಾನು ಕೊಟ್ಟದ್ದೂ ಕೆಟ್ಟದಾಯಿತು, ಮುಂದಿನ ಗೌರಿಗೆ ನನ್ನನ್ನು ಕರೆಯುವವರು ಯಾರು ಎಂದು ಅತ್ತಳು. ರಜನಿಯ ಫೋನು ಬರುತ್ತಿತ್ತು, ಅಪ್ಪ ಸ್ಕೂಲಿಗೆ ಹೋದ ಹೊತ್ತು ನೋಡಿಕೊಂಡು. ಪ್ರಬಂಧದಲ್ಲಿ ನಿಮ್ಮ ಹೆಸರಿಗೆ ಕೃತಜ್ಞತೆ ಬರೆದಿದ್ದೇನೆ ಅತ್ತೆ ಎಂದಳು. ಗಂಗಾಲಕ್ಷ್ಮಿ ಒಳ್ಳೇದಮ್ಮ ಎಂದಳು. ಗೆದ್ದವಳ ಸಮಾಧಾನ ಅವಳ ದನಿಯಲ್ಲಿ ಇರಲಿಲ್ಲ. ಹೊಲದ ನಾಲ್ಕನೇ ಒಂದು ಪಾಲು ಉಳಿದಿತ್ತು, ಅದೂ ಸರ್ವೆಯವರು ಬಂದು ಕಲ್ಲು ನೆಟ್ಟ ಮೇಲೆ. ಹನ್ನೆರಡನೇ ವಯಸ್ಸಿನಿಂದ ಇಲ್ಲಿಯವರೆಗಿನದನ್ನು ಯಾವ ಸರ್ವೆಯವರು ಅಳೆದು ಕೊಡುತ್ತಾರೆ?

ದೊಡ್ಡಗಂಗಮ್ಮ ಮಗನ ಜೊತೆ ಹೋಗಿರಲಿಲ್ಲ. ಹೊಲ ಮಾರಿದ ಮೇಲೆ ಎಂದು ಹೇಳಿದ್ದ ಮಹಡಿಯ ಕೋಣೆಯ ಮಾತನ್ನು ಅವನು ಮತ್ತೆ ಎತ್ತಲಿಲ್ಲ. ಆದರೆ ಕಾರು ಹೋದ ದಿನದಿಂದ ಆಕೆ ಮಗಳು ಮಾಡಿದ್ದನ್ನು ಮುಟ್ಟಲಿಲ್ಲ. ತಟ್ಟೆಯಿಟ್ಟರೆ ತಟ್ಟೆ ಹಾಗೆಯೇ ಇರುತ್ತಿತ್ತು. ಎರಡು ದಿನ ಬಾಳೆಹಣ್ಣು, ಪಕ್ಕದ ಮನೆಯ ಮಜ್ಜಿಗೆ. ಮೂರನೆಯ ದಿನ ಹಿತ್ತಿಲಿನಿಂದ ಮೂರು ಕಲ್ಲು ಉರುಳಿಸಿಕೊಂಡು ಬಂದು, ಅಂಗಳದ ಮೂಲೆಯಲ್ಲಿ ಜೋಡಿಸಿ, ಒಣ ಅವರೆಕಡ್ಡಿ ತುರುಕಿ ಒಲೆ ಹಚ್ಚಿದಳು. ಬಗ್ಗಿ ಊದುವಾಗ ಕೆಮ್ಮು ಬಂದು ಕೂತುಬಿಟ್ಟಳು. ಗಂಗಾಲಕ್ಷ್ಮಿ ಓಡಿಹೋಗಿ ಊದುಗೊಳವೆಗೆ ಕೈಹಾಕಿದರೆ, ಮುದುಕಿ ಅದನ್ನು ಬಿಡಲಿಲ್ಲ.

"ನನ್ನ ಪಾಲಿನ ರಾಗಿ ಬೇರೆ ಅಳೆದುಕೊಡು," ಎಂದಳು. "ನಿನ್ನ ಪಾಲು ನಿನಗೆ ಬೇಕಂತಲ್ಲ, ನನ್ನದು ನನಗಿರಲಿ."

ಗಂಗಾಲಕ್ಷ್ಮಿ ಒಳಗೆ ಹೋದಳು. ರಾಗಿ ತುಂಬಿಟ್ಟಿದ್ದ ವಾಡೆಯ ಮುಚ್ಚಳ ತೆಗೆದು, ಸೇರು ತುಂಬಿ, ಮೇಲೆ ಗೋಪುರ ನಿಲ್ಲುವಷ್ಟು ಹಾಕಿ, ಅಮ್ಮನ ಮೊರಕ್ಕೆ ಸುರಿದಳು. ಮತ್ತೆ ತುಂಬಿದಳು. ಮುದುಕಿ ಮೊರದ ಎದುರು ಕೂತು, ಒಂದೊಂದು ಸೇರನ್ನೂ ಕಣ್ಣಲ್ಲೇ ಎಣಿಸಿಕೊಳ್ಳುತ್ತಿದ್ದಳು.